ಸ್ಕಿಜೋಫ್ರೇನಿಯಾ ಶುರುವಾದ ವಯಸ್ಸು ಮತ್ತು ಮಿದುಳಿನ ಚಿತ್ರ: ಯಾವ ಪ್ರಶ್ನೆಗೆ ಯಾವ ಸ್ಕ್ಯಾನ್?

ಸ್ನಾತಕೋತ್ತರ ವಿದ್ಯಾರ್ಥಿಗಳು ಸಿನಾಪ್ಸಿಸ್ (ಸಂಶೋಧನಾ ಪ್ರಬಂಧದ ರೂಪರೇಷೆ) ಸಲ್ಲಿಸುವ ಕಾಲ ಬಂದಾಗ ಮಂಗಳೂರು, ದೇರಳಕಟ್ಟೆ, ಮಣಿಪಾಲದ ಕಡೆ ಒಂದು ವಿಷಯ ಮತ್ತೆ ಮತ್ತೆ ಚರ್ಚೆಗೆ ಬರುತ್ತದೆ. ಹದಿಹರೆಯದಲ್ಲಿ ಸ್ಕಿಜೋಫ್ರೇನಿಯಾ (ಭ್ರಮೆ, ಇಲ್ಲದ ದನಿಗಳು ಕಾಡುವ ಮಾನಸಿಕ ಕಾಯಿಲೆ) ಶುರುವಾದವರ ಮಿದುಳಿಗೂ ನಲವತ್ತು ದಾಟಿದ ಮೇಲೆ ಶುರುವಾದವರ ಮಿದುಳಿಗೂ ಏನು ವ್ಯತ್ಯಾಸ? ಒಳ್ಳೆಯ ಪ್ರಶ್ನೆ. ಆದರೆ ಮಾತು ಬಹುಬೇಗ ಯಂತ್ರದ ಕಡೆಗೆ ಹೊರಳಿಬಿಡುತ್ತದೆ: ಆಯಸ್ಕಾಂತದ ಬಲ ಒಂದೂವರೆ ಟೆಸ್ಲಾ ಸಾಕೇ, ಮೂರು ಟೆಸ್ಲಾ ಬೇಕೇ, ಮಿದುಳಿನ ಚಟುವಟಿಕೆ ನೋಡುವ ಎಫ್‌ಎಂಆರ್‌ಐ ಮಾಡಬಹುದೇ, ವಿಕಿರಣಶೀಲ ವಸ್ತು ಕೊಟ್ಟು ತೆಗೆಯುವ ಪೆಟ್ ಸ್ಕ್ಯಾನ್ ಸಿಗುತ್ತದೆಯೇ ಎಂದು. ನನ್ನ ದೃಷ್ಟಿಯಲ್ಲಿ ಯಂತ್ರ ಮೂರನೆಯ ಪ್ರಶ್ನೆ. ಯಾವ ವಯಸ್ಸಿನಲ್ಲಿ ಕಾಯಿಲೆ ಶುರುವಾದವರನ್ನು ನೋಡುತ್ತೀರಿ ಎಂಬುದು ಮೊದಲನೆಯದು, ಅವರನ್ನು ಯಾರ ಜೊತೆ ಹೋಲಿಸುತ್ತೀರಿ ಎಂಬುದು ಎರಡನೆಯದು. ಈ ಎರಡೂ ತಪ್ಪಿದರೆ ಎಷ್ಟು ದುಬಾರಿ ಯಂತ್ರದಲ್ಲಿ ತೆಗೆದ ಚಿತ್ರವೂ ಉತ್ತರ ಕೊಡುವುದಿಲ್ಲ.

ವಯಸ್ಸಿನ ಗಡಿಗಳು

ಸಂಶೋಧನೆಯಲ್ಲಿ ಬಳಕೆಯಲ್ಲಿರುವ ವಿಂಗಡಣೆ ಹೀಗಿದೆ. 13 ತುಂಬುವ ಮೊದಲೇ ಶುರುವಾದರೆ ಬಾಲ್ಯಾರಂಭದ ಸ್ಕಿಜೋಫ್ರೇನಿಯಾ. 18 ತುಂಬುವ ಮೊದಲು ಶುರುವಾದದ್ದನ್ನೆಲ್ಲ ಸೇರಿಸಿ ಬೇಗನೆ ಆರಂಭವಾದದ್ದು ಎನ್ನುತ್ತಾರೆ. 40ರ ನಂತರ ಶುರುವಾದರೆ ತಡವಾಗಿ ಆರಂಭವಾದದ್ದು. 60 ದಾಟಿದ ಮೇಲೆ ಕಾಣಿಸಿಕೊಳ್ಳುವುದನ್ನು ಸ್ಕಿಜೋಫ್ರೇನಿಯಾದಂಥ ಮನೋವಿಕಾರ ಎಂದು ಬೇರೆಯಾಗಿಯೇ ಇಡಬೇಕೆಂದು 2000ದಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ತಜ್ಞರ ಒಮ್ಮತದ ಹೇಳಿಕೆ ಸೂಚಿಸಿತು. ಆ ವಯಸ್ಸಿನಲ್ಲಿ ಮರೆವಿನ ಕಾಯಿಲೆ, ಪಾರ್ಶ್ವವಾಯು, ಕಿವುಡುತನ ಎಲ್ಲವೂ ಒಟ್ಟಿಗೆ ಬಂದು ಸೇರುತ್ತವೆ. ಗಂಡಸರಲ್ಲಿ ಕಾಯಿಲೆ ಸಾಮಾನ್ಯವಾಗಿ ಇಪ್ಪತ್ತರ ಆಸುಪಾಸಿನಲ್ಲಿ ಶುರುವಾಗುತ್ತದೆ. ಹೆಂಗಸರಲ್ಲಿ ಕೆಲವು ವರ್ಷ ತಡ, ಮುಟ್ಟು ನಿಲ್ಲುವ ವಯಸ್ಸಿನ ಸುಮಾರಿಗೆ ಇನ್ನೊಂದು ಸಣ್ಣ ಏರಿಕೆಯೂ ಇದೆ. ಹಾಗಾಗಿ ತಡವಾಗಿ ಶುರುವಾದವರ ಗುಂಪಿನಲ್ಲಿ ಹೆಂಗಸರೇ ಹೆಚ್ಚು. ವಯಸ್ಸಿನ ವ್ಯತ್ಯಾಸ ಎಂದು ನಾವು ಬರೆಯುವುದು ಬರಿಯ ಹೆಣ್ಣು ಗಂಡಿನ ವ್ಯತ್ಯಾಸವಾಗಿಬಿಡಬಹುದು.

ಕರಾವಳಿಯ ಒಂದು ವಿಭಾಗಕ್ಕೆ ಇವುಗಳಲ್ಲಿ ಯಾವುದು ಆದೀತು? ಬಾಲ್ಯಾರಂಭದ್ದನ್ನು ಬಿಟ್ಟುಬಿಡಿ ಎನ್ನುತ್ತೇನೆ. ಅದು ಅತ್ಯಂತ ವಿರಳ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯೇ 1990ರ ದಶಕದ ಆರಂಭದಿಂದ ದೇಶದ ಮೂಲೆ ಮೂಲೆಗಳಿಂದ ಮಕ್ಕಳನ್ನು ಕರೆಸಿಕೊಂಡು, ದಶಕಗಳ ಕಾಲ ಒಂದೇ ಅಧ್ಯಯನವನ್ನು ನಡೆಸಬೇಕಾಯಿತು. ಮೂರು ವರ್ಷದ ಎಂ.ಡಿ. ಅವಧಿಯಲ್ಲಿ ಅದು ಕೈಗೂಡುವ ಮಾತಲ್ಲ. 14ರಿಂದ 18ರ ನಡುವೆ ಶುರುವಾದವರು ಸಿಗುತ್ತಾರೆ. ನನಗೆ ಇನ್ನೂ ಮುಖ್ಯವೆನಿಸುವುದು ತಡವಾಗಿ ಶುರುವಾದವರ ಗುಂಪು. ಮಕ್ಕಳೆಲ್ಲ ಮುಂಬೈ, ಬೆಂಗಳೂರು, ಗಲ್ಫ್ ಎಂದು ಹೊರಟುಹೋಗಿ, ತರವಾಡು ಮನೆಯಲ್ಲಿ ಒಬ್ಬರೇ ಉಳಿದಿರುವ ಅಮ್ಮಂದಿರಲ್ಲಿ ಈ ಕಾಯಿಲೆ ಶುರುವಾದರೆ ಅದನ್ನು ವಯಸ್ಸಿನ ಮರುಳು ಎಂದು ಬಿಟ್ಟುಬಿಡುವುದೇ ಹೆಚ್ಚು. ಅವರ ಬಗ್ಗೆ ನಮ್ಮ ಕಡೆಯಿಂದ ಬಂದ ಚಿತ್ರಣ ಅಧ್ಯಯನ ಎಷ್ಟಿದ್ದರೂ ಕಡಿಮೆಯೇ.

ಮೂರು ಸಂಖ್ಯೆಗಳ ತೊಡಕು

ಈ ಮಾರ್ಗದರ್ಶಿಯ ಜೀವ ಇರುವುದು ಇಲ್ಲಿ. ಪ್ರತಿಯೊಬ್ಬ ರೋಗಿಗೂ ಮೂರು ಸಂಖ್ಯೆಗಳಿವೆ: ಕಾಯಿಲೆ ಶುರುವಾದ ವಯಸ್ಸು, ಕಾಯಿಲೆಯ ಅವಧಿ, ಸ್ಕ್ಯಾನ್ ಮಾಡಿದ ದಿನದ ವಯಸ್ಸು. ಮೊದಲೆರಡನ್ನು ಕೂಡಿದರೆ ಮೂರನೆಯದು. ಆದ್ದರಿಂದ ಮೂರರ ಪರಿಣಾಮವನ್ನೂ ಒಂದೇ ಲೆಕ್ಕಾಚಾರದಲ್ಲಿ ಬೇರ್ಪಡಿಸಲು ಯಾವ ಸಾಫ್ಟ್‌ವೇರಿಗೂ ಸಾಧ್ಯವಿಲ್ಲ.

ಕಾರ್ಕಳದ ಒಬ್ಬ ಹುಡುಗನಿಗೆ 14ರಲ್ಲಿ, ಕುಂದಾಪುರದ ಇನ್ನೊಬ್ಬನಿಗೆ 23ರಲ್ಲಿ ಕಾಯಿಲೆ ಶುರುವಾಯಿತು ಎಂದಿಟ್ಟುಕೊಳ್ಳಿ. ಇಬ್ಬರನ್ನೂ 24ನೇ ವಯಸ್ಸಿನಲ್ಲಿ ಸ್ಕ್ಯಾನ್ ಮಾಡಿದರೆ ವಯಸ್ಸು ಸಮ, ಆದರೆ ಒಬ್ಬನದು ಹತ್ತು ವರ್ಷದ ಕಾಯಿಲೆ, ಇನ್ನೊಬ್ಬನದು ಒಂದು ವರ್ಷದ್ದು. ಮಾತ್ರೆ ನುಂಗಿದ ವರ್ಷಗಳೂ ಅಷ್ಟೇ ಬೇರೆ. ಕಾಯಿಲೆ ಶುರುವಾದ ಒಂದು ವರ್ಷಕ್ಕೆ ಇಬ್ಬರನ್ನೂ ಸ್ಕ್ಯಾನ್ ಮಾಡಿದರೆ ಅವಧಿ ಸಮ, ಆದರೆ ಒಬ್ಬನಿಗೆ 15, ಇನ್ನೊಬ್ಬನಿಗೆ 24. ಆರೋಗ್ಯವಂತ ಹುಡುಗರಲ್ಲೂ ಈ ಒಂಬತ್ತು ವರ್ಷಗಳಲ್ಲಿ ಮಿದುಳಿನ ಹೊರಪದರ ತೆಳ್ಳಗಾಗುತ್ತದೆ, ನರತಂತುಗಳ ಬಿಳಿ ದ್ರವ್ಯ ಬಲಿಯುತ್ತದೆ. ಬಳಸದ ನರಸಂಧಿಗಳನ್ನು ಮಿದುಳು ತಾನೇ ಸವರಿಹಾಕುವ ಕಾಲ ಅದು. ಈ ಸವರುವಿಕೆ ಮಿತಿಮೀರುವುದೇ ಸ್ಕಿಜೋಫ್ರೇನಿಯಾಕ್ಕೆ ಕಾರಣವಿರಬಹುದೆಂಬ ಊಹೆ 1980ರ ದಶಕದಿಂದಲೂ ಇದೆ. 2016ರಲ್ಲಿ ಸಿ4 ಎಂಬ ವಂಶವಾಹಿಯ ಸಂಶೋಧನೆ ಆ ಊಹೆಗೆ ಬಲ ಕೊಟ್ಟಿತು. ಆರಂಭದ ವಯಸ್ಸನ್ನು ಅಧ್ಯಯನ ಮಾಡಲು ಇದಕ್ಕಿಂತ ದೊಡ್ಡ ಕಾರಣ ಬೇಡ. ಲೆಕ್ಕ ತಪ್ಪಲೂ ಇದೇ ಕಾರಣ.

ಹಾಗಾದರೆ ದಾರಿ ಯಾವುದು? ನಾಲ್ಕಿವೆ.

ಸಮವಯಸ್ಕರ ಹೋಲಿಕೆ ಸುಲಭ. ಹೊರರೋಗಿ ವಿಭಾಗಕ್ಕೆ ಬರುವವರನ್ನೇ ಆಯ್ದುಕೊಳ್ಳಬಹುದು. ಆದರೆ ಹೊರಬೀಳುವ ವ್ಯತ್ಯಾಸ ಬೇಗ ಶುರುವಾದ್ದರಿಂದ ಬಂದದ್ದೋ, ಬಹಳ ಕಾಲ ಕಾಯಿಲೆ ಇದ್ದುದರಿಂದ ಬಂದದ್ದೋ ಎಂದು ಹೇಳಲಾಗದು. ಕೊನೆಯ ಅಧ್ಯಾಯದಲ್ಲಿ ಮಿತಿಗಳ ಸಾಲಿನಲ್ಲಿ ಒಂದು ವಾಕ್ಯ ಬರೆದರೆ ಆ ದೋಷ ಪರಿಹಾರವಾಗುವುದಿಲ್ಲ. ನಾನಾಗಿದ್ದರೆ ಇದನ್ನು ಆಯ್ಕೆ ಮಾಡುವುದಿಲ್ಲ.

ಸಮಾವಧಿಯ ಹೋಲಿಕೆಯಲ್ಲಿ ಎಲ್ಲರನ್ನೂ ಕಾಯಿಲೆಯ ಮೊದಲ ಒಂದೆರಡು ವರ್ಷಗಳಲ್ಲೇ ಸ್ಕ್ಯಾನ್ ಮಾಡಬೇಕು. ಪ್ರತಿ ಗುಂಪಿಗೂ ಅದರದೇ ವಯಸ್ಸಿನ, ಅದೇ ಪ್ರಮಾಣದ ಹೆಣ್ಣು ಗಂಡು ಇರುವ ಆರೋಗ್ಯವಂತರ ಜೋಡಿಗುಂಪು ಬೇಕು. ಹುಡುಗರನ್ನು ನೇರವಾಗಿ ಹಿರಿಯರ ಜೊತೆ ಹೋಲಿಸುವುದಲ್ಲ. ರೋಗಿಗೂ ಆರೋಗ್ಯವಂತನಿಗೂ ಇರುವ ಅಂತರ ಹುಡುಗರಲ್ಲಿ ಎಷ್ಟು, ಹಿರಿಯರಲ್ಲಿ ಎಷ್ಟು ಎಂದು ಅಂತರಗಳನ್ನು ಹೋಲಿಸುವುದು. ನಮ್ಮ ಮಟ್ಟಕ್ಕೆ ಇದೇ ಸರಿಯಾದ ಆಯ್ಕೆ ಎಂದು ಖಚಿತವಾಗಿ ಹೇಳುತ್ತೇನೆ.

ಒಬ್ಬರನ್ನೇ ವರ್ಷಗಳ ಅಂತರದಲ್ಲಿ ಮತ್ತೆ ಮತ್ತೆ ಸ್ಕ್ಯಾನ್ ಮಾಡುವುದು ಎಲ್ಲಕ್ಕಿಂತ ಮೇಲು. ಅಮೆರಿಕದ ಆ ಬಾಲ್ಯಾರಂಭದ ಅಧ್ಯಯನ ಕಲಿಸಿದ್ದೆಲ್ಲ ಈ ದಾರಿಯಿಂದಲೇ. 2001ರಲ್ಲಿ ಪ್ರಕಟವಾದ ವರದಿಯಲ್ಲಿ 12 ಮಕ್ಕಳನ್ನು ಐದು ವರ್ಷ ಹಿಂಬಾಲಿಸಿದ್ದರು: ನರಕೋಶಗಳಿರುವ ಬೂದು ದ್ರವ್ಯದ ಸವೆತ ನೆತ್ತಿಯ ಹಿಂಬದಿಯ ಪ್ಯಾರೈಟಲ್ ಭಾಗದಲ್ಲಿ ಶುರುವಾಗಿ ಕಿವಿಯ ಮೇಲಿನ ಟೆಂಪೊರಲ್ ಭಾಗಕ್ಕೂ ಹಣೆಯ ಹಿಂದಿನ ಫ್ರಾಂಟಲ್ ಭಾಗಕ್ಕೂ ಹರಡಿತ್ತು. ಅದೇ ಗುಂಪು ಯೌವನಕ್ಕೆ ಬಂದಾಗ ಪ್ಯಾರೈಟಲ್ ಭಾಗದ ವ್ಯತ್ಯಾಸ ಬಹುಮಟ್ಟಿಗೆ ಮಾಸಿ, ವಯಸ್ಕರಲ್ಲಿ ಕಾಣುವ ನಮೂನೆಗೇ ಹತ್ತಿರವಾಯಿತು. ಕಾಯಿಲೆ ಇಲ್ಲದ ಅವರ ಒಡಹುಟ್ಟಿದವರಲ್ಲೂ ಬಾಲ್ಯದಲ್ಲಿ ಬೂದು ದ್ರವ್ಯ ಕಡಿಮೆ ಇದ್ದು, ಇಪ್ಪತ್ತರ ಹೊತ್ತಿಗೆ ಸರಿಹೋಗಿತ್ತು ಎಂದು 2007ರಲ್ಲಿ ವರದಿಯಾಯಿತು. ಒಂದೇ ಸಲದ ಸ್ಕ್ಯಾನ್ ಇವುಗಳಲ್ಲಿ ಯಾವುದನ್ನೂ ತೋರಿಸುತ್ತಿರಲಿಲ್ಲ. ಒಬ್ಬ ವಿದ್ಯಾರ್ಥಿಯ ಅವಧಿಯಲ್ಲಿ ಇದು ಆಗದು. ವಿಭಾಗವೇ ಹೊಣೆ ಹೊತ್ತು ಒಂದು ತಂಡದಿಂದ ಮುಂದಿನ ತಂಡಕ್ಕೆ ದಾಟಿಸಬೇಕು. ಹಾಗೆ ಮಾಡುವ ಧೈರ್ಯ ಹೆಚ್ಚು ವಿಭಾಗಗಳಿಗೆ ಬರಲಿ ಎಂಬುದು ನನ್ನ ಹಂಬಲ.

ನಾಲ್ಕನೆಯದು ಬೆಳವಣಿಗೆಯ ನಕ್ಷೆ. ಅಂಗನವಾಡಿಯಲ್ಲಿ ಮಗುವಿನ ತೂಕವನ್ನು ವಯಸ್ಸಿನ ಗೆರೆಯ ಮೇಲೆ ಗುರುತಿಸುವಂತೆ, ಪ್ರತಿಯೊಬ್ಬರ ಮಿದುಳಿನ ಅಳತೆಯನ್ನೂ ಆ ವಯಸ್ಸಿನವರ ಸಹಜ ವ್ಯಾಪ್ತಿಯಲ್ಲಿ ಎಲ್ಲಿದೆ ಎಂದು ಗುರುತಿಸುವ ವಿಧಾನ. 2022ರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಎಂಆರ್‌ಐಗಳಿಂದ ಗರ್ಭಾವಸ್ಥೆಯಿಂದ ನೂರು ವರ್ಷದವರೆಗಿನ ಇಂಥ ನಕ್ಷೆ ಪ್ರಕಟವಾಗಿದೆ. ವಯಸ್ಸಿನ ತೊಡಕಿಗೆ ಇದು ಸೊಗಸಾದ ಉತ್ತರ. ಆದರೆ ಆ ದತ್ತಾಂಶದ ಬಹುಪಾಲು ಯುರೋಪ್ ಮತ್ತು ಉತ್ತರ ಅಮೆರಿಕದ್ದು. ನಮ್ಮವರ ಚಿತ್ರಗಳನ್ನು ಹೊಂದಿಸಲು ಬೆಂಗಳೂರಿನ ನಿಮ್ಹಾನ್ಸ್‌ನ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಭಾರತೀಯ ಮಿದುಳಿನ ಮಾದರಿಗಳಿವೆ: 6ರಿಂದ 60 ವರ್ಷದವರೆಗೆ, ಐದು ವಯೋಗುಂಪುಗಳಿಗೆ ಐದು. ಹದಿಹರೆಯದವರ ಅಧ್ಯಯನಕ್ಕೆ ಇವನ್ನು ಬಳಸಲೇಬೇಕು. 60 ದಾಟಿದವರು ಮಾತ್ರ ಈ ಚೌಕಟ್ಟಿನ ಆಚೆಗೇ ಉಳಿಯುತ್ತಾರೆ.

ಆರಂಭ ಎಂದರೆ ಯಾವ ದಿನ?

ಆರಂಭದ ವಯಸ್ಸನ್ನು ಕೇಸ್ ಶೀಟಿನಿಂದ ನಕಲು ಮಾಡಬೇಡಿ. ಅಲ್ಲಿರುವುದು ಬಹಳ ಸಲ ಆಸ್ಪತ್ರೆಗೆ ಮೊದಲು ಬಂದ ದಿನ. ನಮ್ಮ ಊರುಗಳಲ್ಲಿ ಅದಕ್ಕೂ ಮೊದಲು ದೈವದ ದರ್ಶನದಲ್ಲಿ ಕೇಳಿರುತ್ತಾರೆ, ಜ್ಯೋತಿಷಿಯ ಬಳಿ ಪ್ರಶ್ನೆ ಇರಿಸಿರುತ್ತಾರೆ, ದರ್ಗಾಕ್ಕೋ ಪ್ರಾರ್ಥನಾ ಕೇಂದ್ರಕ್ಕೋ ಕರೆದೊಯ್ದಿರುತ್ತಾರೆ. ಅದನ್ನು ಹೀಗಳೆಯುವ ಅಗತ್ಯವಿಲ್ಲ. ಆ ದಿನಗಳೇ ನಮಗೆ ದಾರಿ ತೋರಿಸುತ್ತವೆ. ಮೊದಲ ಸಲ ಇಲ್ಲದ ದನಿ ಕೇಳಿಸಿದ್ದು ಯಾವಾಗ ಎಂದು ಕೇಳಿದರೆ ಯಾರೂ ತಾರೀಕು ಹೇಳಲಾರರು. ಮನೆಯ ನೇಮಕ್ಕೆ ಮುಂಚೆಯೋ ನಂತರವೋ, ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದಿದ್ದನೋ ಇಲ್ಲವೋ, ಅಕ್ಕನ ಮದುವೆಯಲ್ಲಿ ಬಡಿಸಲು ನಿಂತಿದ್ದನೋ ಕೋಣೆಯಲ್ಲೇ ಇದ್ದನೋ ಎಂದು ಕೇಳಿದರೆ ನೆನಪು ತೆರೆದುಕೊಳ್ಳುತ್ತದೆ. ಉಡುಪಿಯ ಕಡೆಯವರಿಗೆ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ದಾಟುವ ಪರ್ಯಾಯದಂಥ ಗುರುತು ಇನ್ನೊಂದಿಲ್ಲ: ಎರಡು ವರ್ಷಕ್ಕೊಮ್ಮೆ, ಜನವರಿ 18ರಂದು. ಕೃಷ್ಣಾಪುರ ಮಠದ ಪರ್ಯಾಯಕ್ಕೆ ಸರಿಯಾಗಿದ್ದ, ಪುತ್ತಿಗೆಯ ಪರ್ಯಾಯದ ಹೊತ್ತಿಗೆ ತನ್ನಷ್ಟಕ್ಕೇ ಮಾತಾಡಿಕೊಳ್ಳುತ್ತಿದ್ದ ಎಂದರೆ 2022 ಮತ್ತು 2024ರ ನಡುವಿನ ಎರಡು ವರ್ಷ ಸಿಕ್ಕಿತು. ಉಳಿದದ್ದನ್ನು ಶಾಲೆಯ ಹಾಜರಿಯಿಂದ, ಕೆಲಸ ಬಿಟ್ಟ ದಿನದಿಂದ ಕಿರಿದಾಗಿಸಬಹುದು. ಮುಂಬೈಯ ಹೋಟೆಲುಗಳಿಗೆ ದುಡಿಯಲು ಹೋಗಿದ್ದವರ ವಿಷಯದಲ್ಲಿ ಮನೆಯವರ ಮಾತಷ್ಟೇ ಸಾಲದು, ಅಲ್ಲಿ ಜೊತೆಗಿದ್ದವರಿಗೆ ರೋಗಿಯ ಒಪ್ಪಿಗೆ ಪಡೆದು ಫೋನ್ ಮಾಡಬೇಕು.

ಓದಿನಲ್ಲಿ ಹಿಂದೆ ಬಿದ್ದದ್ದು, ಗೆಳೆಯರನ್ನು ತೊರೆದದ್ದು ಮುನ್ಸೂಚನೆಯ ಹಂತ. ಭ್ರಮೆ, ಇಲ್ಲದ ದನಿ ಶುರುವಾದದ್ದು ಮನೋವಿಕಾರದ ಆರಂಭ. ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆದುಕೊಳ್ಳಿ.

ಈಗ ಯಂತ್ರಗಳು

ಸಿಟಿ ಸ್ಕ್ಯಾನ್‌ಗೆ ಚರಿತ್ರೆಯಲ್ಲಿ ದೊಡ್ಡ ಜಾಗವಿದೆ. 1976ರಲ್ಲಿ ಲಂಡನ್ನಿನ ನಾರ್ತ್‌ವಿಕ್ ಪಾರ್ಕ್‌ನ ಸಂಶೋಧಕರು ದೀರ್ಘಕಾಲದ ರೋಗಿಗಳಲ್ಲಿ ಮಿದುಳಿನೊಳಗಿನ ದ್ರವ ತುಂಬಿದ ಕುಹರಗಳು ಹಿಗ್ಗಿರುವುದನ್ನು ತೋರಿಸಿದ್ದು ಸಿಟಿಯಲ್ಲೇ. ಇಂದು ಸಂಶೋಧನೆಗೆ ಅದು ಬೇಡ. ವಿಕಿರಣವಿದೆ, ಸೂಕ್ಷ್ಮತೆ ಕಡಿಮೆ.

ರಚನಾತ್ಮಕ ಎಂಆರ್‌ಐ ನಮ್ಮ ಮೊದಲ ಆಯ್ಕೆ. ಒಂದು ಮಿಲಿಮೀಟರ್ ಸೂಕ್ಷ್ಮತೆಯ, ಟಿ1 ಎಂಬ ಬಗೆಯ ಚಿತ್ರ ಸುಮಾರು ಐದು ನಿಮಿಷದ ಕೆಲಸ. ವಿಕಿರಣವಿಲ್ಲ, ಸಂಶೋಧನೆಗೆ ಕಾಂಟ್ರಾಸ್ಟ್ ಚುಚ್ಚುಮದ್ದೂ ಬೇಡ. ಹೊರಪದರದ ದಪ್ಪ, ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನ ಗಾತ್ರ, ಕುಹರಗಳ ಗಾತ್ರ ಎಲ್ಲವೂ ಇದರಿಂದಲೇ ಸಿಗುತ್ತವೆ. ಫ್ರೀಸರ್ಫರ್‌ನಂಥ ಉಚಿತ ಸಾಫ್ಟ್‌ವೇರ್ ಸಾಕು. ಹೋಲಿಸಿ ನೋಡಲು ಜಾಗತಿಕ ಮಾಹಿತಿಯೂ ಹೇರಳ. ಹಲವು ದೇಶಗಳ ಸಂಶೋಧಕರ ಎನಿಗ್ಮಾ ಒಕ್ಕೂಟ 2018ರಲ್ಲಿ 4,474 ರೋಗಿಗಳನ್ನೂ 5,098 ಆರೋಗ್ಯವಂತರನ್ನೂ ಸೇರಿಸಿ ಹೊರಪದರ ಎಲ್ಲೆಡೆ ತೆಳ್ಳಗಿರುವುದನ್ನು ತೋರಿಸಿತು. ಕಾಯಿಲೆ ಶುರುವಾದ ವಯಸ್ಸು ಕಡಿಮೆಯಾದಷ್ಟೂ ಹೊರಪದರ ತೆಳು ಎಂಬ ಸಂಬಂಧವೂ ಅಲ್ಲಿ ಕಂಡಿತು. ಅವಧಿ ಹೆಚ್ಚಿದಷ್ಟೂ, ಔಷಧದ ಪ್ರಮಾಣ ಹೆಚ್ಚಿದಷ್ಟೂ ತೆಳು ಎಂಬ ಸಂಬಂಧಗಳೂ ಅದೇ ವರದಿಯಲ್ಲಿವೆ. ಮೇಲೆ ಹೇಳಿದ ತೊಡಕು ಇಷ್ಟು ದೊಡ್ಡ ಅಧ್ಯಯನವನ್ನೂ ಬಿಟ್ಟಿಲ್ಲ ಎಂಬುದನ್ನು ಗಮನಿಸಿ.

ಬಿಳಿ ದ್ರವ್ಯದ ತಂತುಗಳನ್ನು ನೋಡುವ ಡಿಟಿಐ ನನ್ನ ಎರಡನೆಯ ಆಯ್ಕೆ, ಮುಖ್ಯವಾಗಿ ಹದಿಹರೆಯದವರಿಗೆ. ಫ್ರಾಂಟಲ್ ಭಾಗದ ಬಿಳಿ ದ್ರವ್ಯ ಇಪ್ಪತ್ತರ ಹರೆಯದಲ್ಲೂ ಬಲಿಯುತ್ತಲೇ ಇರುವುದರಿಂದ ಆರಂಭದ ವಯಸ್ಸಿನ ಪ್ರಶ್ನೆ ಇಲ್ಲಿ ನಿಜವಾಗಿ ಅರ್ಥಪೂರ್ಣ. ಹಿರಿಯರಲ್ಲಿ ಡಿಟಿಐಗಿಂತ ಮೊದಲು ಫ್ಲೇರ್ ಎಂಬ ಬಗೆಯ ಎಂಆರ್‌ಐ ಚಿತ್ರ ಬೇಕು. ಬಿಪಿ, ಸಕ್ಕರೆ ಕಾಯಿಲೆಯಿಂದ ಬಿಳಿ ದ್ರವ್ಯದಲ್ಲಿ ಆಗುವ ಕಲೆಗಳನ್ನು ಫಜೆಕಾಸ್ ಮಾಪನದಲ್ಲಿ ಅಂಕ ಕೊಟ್ಟು ದಾಖಲಿಸಬೇಕು. ತಡವಾಗಿ ಶುರುವಾದವರಲ್ಲಿ ಇಂಥ ಕಲೆಗಳು ಹೆಚ್ಚು ಎಂದು ಮೊದಮೊದಲ ಕೆಲವು ಅಧ್ಯಯನಗಳು ಹೇಳಿದವು. ನರರೋಗ ಇರುವವರನ್ನು ಎಚ್ಚರದಿಂದ ಹೊರಗಿಟ್ಟು ನೋಡಿದ ನಂತರದ ಅಧ್ಯಯನಗಳಲ್ಲಿ ಆ ವ್ಯತ್ಯಾಸ ನಿಲ್ಲಲಿಲ್ಲ. ಯಾರನ್ನು ಸೇರಿಸಿಕೊಂಡೆವು ಎಂಬುದರ ಮೇಲೆಯೇ ಉತ್ತರ ನಿಂತಿತ್ತು.

ಎಫ್‌ಎಂಆರ್‌ಐ ಎಲ್ಲರಿಗೂ ಆಕರ್ಷಕ. ಅದು ನರಕೋಶಗಳ ಕೆಲಸವನ್ನು ನೇರವಾಗಿ ಅಳೆಯುವುದಿಲ್ಲ, ರಕ್ತದ ಆಮ್ಲಜನಕದ ಏರಿಳಿತದಿಂದ ಊಹಿಸುತ್ತದೆ. ತಲೆ ಕೂದಲೆಳೆಯಷ್ಟು ಅಲುಗಿದರೂ ಇಲ್ಲದ ಸಂಬಂಧ ಇದ್ದಂತೆ ಕಾಣಬಹುದು ಎಂದು 2012ರಿಂದೀಚೆಗೆ ಚೆನ್ನಾಗಿ ತಿಳಿದಿದೆ. ಹುಡುಗರು ಹಿರಿಯರಿಗಿಂತ ಹೆಚ್ಚು ಅಲುಗುತ್ತಾರೆ, ರೋಗಿಗಳು ಆರೋಗ್ಯವಂತರಿಗಿಂತ ಹೆಚ್ಚು ಅಲುಗುತ್ತಾರೆ. ನಾವು ಹುಡುಕುವ ವ್ಯತ್ಯಾಸದ ರೂಪವೂ ಅದೇ! ರಚನಾತ್ಮಕ ಚಿತ್ರದಲ್ಲೂ ಅಲುಗಾಟ ಹೊರಪದರವನ್ನು ಇರುವುದಕ್ಕಿಂತ ತೆಳ್ಳಗೆ ತೋರಿಸುತ್ತದೆ. ಆದ್ದರಿಂದ ಅಲುಗಾಟದ ಅಳತೆಯನ್ನು ಪ್ರತಿ ಗುಂಪಿಗೂ ವರದಿ ಮಾಡದ ಅಧ್ಯಯನವನ್ನು ನಾನು ನಂಬುವುದಿಲ್ಲ.

ಪೆಟ್ ಮಾತ್ರ ಕೊಡಬಲ್ಲ ಉತ್ತರವೊಂದಿದೆ: ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮೈನ್ ಎಂಬ ರಾಸಾಯನಿಕದ ತಯಾರಿಯ ಸಾಮರ್ಥ್ಯ. ಮಿದುಳಿನ ಒಳಗಿನ ಸ್ಟ್ರೈಯೇಟಮ್‌ನಲ್ಲಿ ಅದು ಹೆಚ್ಚಿರುವುದನ್ನು ವಯಸ್ಕರ ಅನೇಕ ಅಧ್ಯಯನಗಳು ತೋರಿಸಿವೆ. ಆದರೆ ಪೆಟ್‌ಗೆ ಬಳಸುವ ವಿಕಿರಣಶೀಲ ಫ್ಲೋರಿನ್ 110 ನಿಮಿಷಕ್ಕೆ ಅರ್ಧವಾಗುತ್ತದೆ, ಕಾರ್ಬನ್ 20 ನಿಮಿಷಕ್ಕೆ. ಇವನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಹತ್ತಿರವಿಲ್ಲದೆ ಆಗುವ ಕೆಲಸವಲ್ಲ. ಅದಕ್ಕಿಂತ ಮುಖ್ಯವಾಗಿ, ಕಾಯಿಲೆ ಇಲ್ಲದ ಹದಿನೈದರ ಹುಡುಗನಿಗೆ ಹೋಲಿಕೆಗಾಗಿ ವಿಕಿರಣ ಕೊಡುವುದು ಸರಿಯಲ್ಲ. ವಯಸ್ಸುಗಳ ನಡುವಿನ ಹೋಲಿಕೆಗೆ ಪೆಟ್ ಹೊಂದುವುದಿಲ್ಲ.

ಎಷ್ಟು ಜನ ಬೇಕು?

ರೋಗಿಗಳಿಗೂ ಆರೋಗ್ಯವಂತರಿಗೂ ಹಿಪೊಕ್ಯಾಂಪಸ್‌ನಲ್ಲಿ ಇರುವ ಅಂತರ ಎನಿಗ್ಮಾದ 2016ರ ವರದಿಯ ಪ್ರಕಾರ ಮಾನಕ ವಿಚಲನೆಯ (ಅಳತೆಗಳು ಸರಾಸರಿಯ ಸುತ್ತ ಚದುರಿರುವ ಪ್ರಮಾಣದ) ಅರ್ಧಕ್ಕೂ ತುಸು ಕಡಿಮೆ. ಅರ್ಧ ಎಂದೇ ಹಿಡಿದರೂ, ಅದನ್ನು ಶೇ 80ರ ಭರವಸೆಯಿಂದ ಹಿಡಿಯಲು ಪ್ರತಿ ಗುಂಪಿನಲ್ಲಿ 64 ಜನ ಬೇಕು. ಎರಡು ವಯೋಗುಂಪುಗಳ ಅಂತರಗಳನ್ನು ಹೋಲಿಸುವುದಕ್ಕೆ ಅದರ ಹಲವು ಪಟ್ಟು. ಮೂವತ್ತು ಮೂವತ್ತು ಜನರ ಅಧ್ಯಯನ ಈ ಪ್ರಶ್ನೆಗೆ ಸಾಲುವುದಿಲ್ಲ. ಮಂಗಳೂರಿನಿಂದ ಮಣಿಪಾಲಕ್ಕೆ ಸುಮಾರು 65 ಕಿಲೋಮೀಟರ್ ಮಾತ್ರ, ದಾರಿಯುದ್ದಕ್ಕೂ ವೈದ್ಯಕೀಯ ಕಾಲೇಜುಗಳು. ಕೂಡಿ ಮಾಡಿದರೆ ಸಂಖ್ಯೆ ಸಿಗುತ್ತದೆ. ಹಾಗೆ ಮಾಡುವಾಗ ಹುಡುಗರನ್ನೆಲ್ಲ ಒಂದು ಯಂತ್ರದಲ್ಲಿ, ಹಿರಿಯರನ್ನೆಲ್ಲ ಇನ್ನೊಂದರಲ್ಲಿ ಸ್ಕ್ಯಾನ್ ಮಾಡಬಾರದು. ಪ್ರತಿ ಯಂತ್ರದಲ್ಲೂ ಎಲ್ಲ ಗುಂಪಿನವರೂ ಇರಬೇಕು. ಯಂತ್ರಗಳ ನಡುವೆ ಉಳಿದ ವ್ಯತ್ಯಾಸವನ್ನು ಕಾಂಬ್ಯಾಟ್‌ನಂಥ ಲೆಕ್ಕಾಚಾರದ ವಿಧಾನದಿಂದ ಸರಿಪಡಿಸಬಹುದು.

ಔಷಧದ ಲೆಕ್ಕ

ಮಂಗಗಳಿಗೆ ಮನೋವಿಕಾರದ ಔಷಧಗಳನ್ನು ದೀರ್ಘಕಾಲ ಕೊಟ್ಟು ನೋಡಿದ 2005ರ ಅಧ್ಯಯನದಲ್ಲಿ ಮಿದುಳಿನ ತೂಕ ಶೇ 8ರಿಂದ 11ರಷ್ಟು ಇಳಿದಿತ್ತು. 2011ರಲ್ಲಿ 211 ರೋಗಿಗಳನ್ನು ಹಿಂಬಾಲಿಸಿದ ಅಧ್ಯಯನವೂ ಹೆಚ್ಚು ಔಷಧ ಮತ್ತು ಕಡಿಮೆ ಗಾತ್ರದ ನಡುವೆ ಸಂಬಂಧ ಕಂಡಿತು. ಮನೆಯವರು ಇದನ್ನು ಓದಿ ಮಾತ್ರೆ ನಿಲ್ಲಿಸಬಾರದು. ಔಷಧವಿಲ್ಲದೆ ಮರುಕಳಿಸುವ ಕಾಯಿಲೆ ಬದುಕನ್ನೇ ಹಾಳುಮಾಡುತ್ತದೆ. ಗಾತ್ರದ ಸಣ್ಣ ಇಳಿಕೆಯಿಂದ ಬುದ್ಧಿ ಮಂಕಾಗುತ್ತದೆ ಎಂದೇನೂ ಸಿದ್ಧವಾಗಿಲ್ಲ. ಸಂಶೋಧಕರಿಗೆ ಮಾತ್ರ ಇದು ಆಜ್ಞೆ ಇದ್ದಂತೆ: ಪ್ರತಿಯೊಬ್ಬರ ಔಷಧ, ಪ್ರಮಾಣ, ತಿಂಗಳುಗಳನ್ನು ಬರೆದಿಡಿ. ಸಿಗರೇಟು, ಗಾಂಜಾ, ಕುಡಿತವನ್ನೂ ಬರೆದಿಡಿ.

ಕುಟುಂಬದ ಕಡೆಯಿಂದ

ಬೈಂದೂರಿನಿಂದಲೋ ಬೆಳ್ತಂಗಡಿಯಿಂದಲೋ ಮಗನನ್ನು ಕರೆತರುವ ಅಮ್ಮ ಆ ದಿನ ಬೀಡಿ ಕಟ್ಟುವುದಿಲ್ಲ. ಬಸ್ಸಿನ ಖರ್ಚನ್ನೂ ಹೋದ ಕೂಲಿಯನ್ನೂ ಅಧ್ಯಯನದ ಹಣದಿಂದಲೇ ಕೊಡಬೇಕು. ಎಂಆರ್‌ಐ ಕೋಣೆಗೆ ಹೋಗುವ ಮುನ್ನ ಉಡಿದಾರ, ಕಾಲುಂಗುರ, ಕರಿಮಣಿ, ತಾಯತ ತೆಗೆಯಬೇಕಾಗುತ್ತದೆ. ತಾಯತ ತೆಗೆದರೆ ಕೇಡಾಗುತ್ತದೆ ಎಂಬ ಹೆದರಿಕೆಯೇ ಕಾಯಿಲೆಯ ಭಾಗವಾಗಿರುವವರೂ ಇದ್ದಾರೆ. ಮನೆಯಿಂದ ಹೊರಡುವ ಮೊದಲೇ ತಿಳಿಸಿ, ಮನೆಯವರ ಕೈಯಿಂದಲೇ ತೆಗೆಸಿ, ಮುಗಿದ ಕೂಡಲೇ ಕಟ್ಟಿಸಬೇಕು. ಮಲ್ಪೆ, ಗಂಗೊಳ್ಳಿಯ ಬಂದರಿನಲ್ಲಿ ವೆಲ್ಡಿಂಗ್, ಗ್ರೈಂಡಿಂಗ್ ಮಾಡಿದ್ದೀರಾ ಎಂದು ತಪ್ಪದೇ ಕೇಳಿ. ಕಣ್ಣಿನೊಳಗೆ ಉಳಿದ ಕಬ್ಬಿಣದ ಚೂರು ಆಯಸ್ಕಾಂತದ ಬಳಿ ದೃಷ್ಟಿಯನ್ನೇ ಕಳೆಯಬಲ್ಲದು. ಯಂತ್ರದ ಸದ್ದನ್ನು ಮೊದಲೇ ಮೊಬೈಲಿನಲ್ಲಿ ಕೇಳಿಸಿದರೆ ಹೆದರಿಕೆ ಇಳಿಯುತ್ತದೆ, ಅಲುಗಾಟವೂ ಕಡಿಮೆಯಾಗುತ್ತದೆ. ಸಂಶೋಧನೆಗಾಗಿ ಮಕ್ಕಳಿಗೆ ನಿದ್ದೆಯ ಔಷಧ ಕೊಡಬಾರದು ಎಂಬುದು ನನ್ನ ದೃಢ ನಿಲುವು. 18 ತುಂಬದವರ ವಿಷಯದಲ್ಲಿ ಹೆತ್ತವರ ಒಪ್ಪಿಗೆಯಷ್ಟೇ ಸಾಲದು, ಮಗುವಿನ ಸಮ್ಮತಿಯೂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ.

ಇದರಿಂದ ಕಾಯಿಲೆ ಖಚಿತವಾಗುತ್ತದೆಯೇ ಎಂದು ಮನೆಯವರು ಕೇಳಿಯೇ ಕೇಳುತ್ತಾರೆ. ಇಲ್ಲ ಎಂದು ನೇರವಾಗಿ ಹೇಳಬೇಕು. ಗುಂಪುಗಳ ಸರಾಸರಿ ಬೇರೆಯಾದರೂ ಒಬ್ಬೊಬ್ಬರ ಅಳತೆಗಳು ಒಂದರ ಮೇಲೊಂದು ಬೀಳುತ್ತವೆ. ರೋಗನಿರ್ಣಯ ಇಂದಿಗೂ ಮಾತು, ನಡವಳಿಕೆ, ಕಾಲಾವಧಿಯ ಮೇಲೆಯೇ. ಚಿಕಿತ್ಸೆಯಲ್ಲಿ ಸ್ಕ್ಯಾನಿನ ಕೆಲಸ ಬೇರೆ ಕಾಯಿಲೆಯನ್ನು ಹೊರಗಿಡುವುದು. ಅದು ಬಹಳ ಅಗತ್ಯವಾಗುವುದು ವಯಸ್ಸಿನ ಎರಡು ತುದಿಗಳಲ್ಲಿ. ಅರವತ್ತರಲ್ಲಿ ಮೊದಲ ಸಲ ಅನುಮಾನದ ಭ್ರಮೆ ಬಂದರೆ ಗೆಡ್ಡೆ, ರಕ್ತಸ್ರಾವ, ಮರೆವಿನ ಕಾಯಿಲೆ ಇಲ್ಲವೆಂದು ನೋಡಲೇಬೇಕು. ಹದಿನಾರರ ಹುಡುಗಿ ಕೆಲವೇ ದಿನಗಳಲ್ಲಿ ಬದಲಾಗಿ, ಫಿಟ್ಸ್, ಜ್ವರ, ಬಾಯಿ ಕೈಕಾಲಿನ ವಿಚಿತ್ರ ಚಲನೆ ಕಂಡರೆ ದೇಹದ ಪ್ರತಿಕಾಯಗಳೇ ಮಿದುಳಿನ ಎನ್‌ಎಂಡಿಎ ಎಂಬ ಗ್ರಾಹಕ ಪ್ರೋಟೀನಿನ ಮೇಲೆ ದಾಳಿ ಮಾಡುವ ಮಿದುಳುರಿತವನ್ನು ನೆನೆಯಬೇಕು. 2007ರಲ್ಲಿ ವಿವರಿಸಲಾದ ಈ ಕಾಯಿಲೆಯಲ್ಲಿ ಎಂಆರ್‌ಐ ಬಹಳ ಸಲ ಸಹಜವಾಗಿಯೇ ಇರುತ್ತದೆ. ಆಗ ಬೆನ್ನುಹುರಿಯ ದ್ರವ ಮತ್ತು ರಕ್ತದಲ್ಲಿ ಪ್ರತಿಕಾಯದ ಪರೀಕ್ಷೆ, ಇಇಜಿ ಬೇಕು. ಸಂಶೋಧನೆಗೆಂದು ತೆಗೆದ ಚಿತ್ರವನ್ನೂ ರೇಡಿಯಾಲಜಿಸ್ಟ್ ಒಬ್ಬರು ನೋಡಿ ವರದಿ ಬರೆಯಬೇಕು. ಏನಾದರೂ ಕಂಡರೆ ಯಾರು, ಎಷ್ಟು ದಿನದೊಳಗೆ, ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಮನೆಯವರಿಗೆ ತಿಳಿಸುತ್ತಾರೆ, ಮುಂದಿನ ಚಿಕಿತ್ಸೆಯ ಖರ್ಚು ಯಾರದು ಎಂಬುದು ಮೊದಲ ರೋಗಿ ಯಂತ್ರದ ಮೇಲೆ ಮಲಗುವ ಮುನ್ನವೇ ಒಪ್ಪಿಗೆ ಪತ್ರದಲ್ಲಿ ಬರೆದಿರಬೇಕು.